ಬಟನ್ ಒತ್ತಿದರೆ ಒಮ್ಮೆ ಟಕಟಕ, ಒಮ್ಮೆ ಮೌನ: ಸ್ಟಾರ್ಟ್ ಆಗದ ಬೈಕಿನ ಹಿಂದೆ ಬಿದ್ದ ಅನುಭವ

ನನ್ನ ಗಾಡಿ ಈಗ ಸರಿಯಾಗಿದೆ. ಹೀಗೆ ಬರೆಯುವ ಧೈರ್ಯ ಬರಲು ಕೆಲವು ವಾರ ಬೇಕಾಯಿತು, ಯಾಕೆಂದರೆ ನಡುವೆ ‘ಸರಿಯಾಯ್ತು’ ಅಂದುಕೊಂಡು ಹೊರಟು ತಳ್ಳಿಕೊಂಡು ವಾಪಸ್ ಬಂದದ್ದುಂಟು. ಇದೇ ಪಾಡು ಪಡುತ್ತಿರುವವರಿಗೆ ಒಂದಿಷ್ಟು ದುಡ್ಡು, ಒಂದಿಷ್ಟು ತಲೆಬಿಸಿ ಉಳಿಯಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನನ್ನದು ಕಿಕ್ಕರ್ ಇಲ್ಲದ, ಫ್ಯುಯೆಲ್ ಇಂಜೆಕ್ಷನ್ ಇರುವ ಗಾಡಿ. ಸೆಲ್ಫ್ ಕೈಕೊಟ್ಟರೆ ಮುಗಿಯಿತು. ತಳ್ಳಿ ಸ್ಟಾರ್ಟ್ ಮಾಡಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬ್ಯಾಟರಿಯಲ್ಲಿ ಸ್ವಲ್ಪ ಜೀವ ಇದ್ದರೆ ಮಾಡಬಹುದು. ಪೂರ್ತಿ ಇಳಿದಿದ್ದರೆ ಎಷ್ಟು ತಳ್ಳಿದರೂ ಆಗುವುದಿಲ್ಲ. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಓಡಬೇಕು, ಇಸಿಯು (ಎಂಜಿನ್ನನ್ನು ನಡೆಸುವ ಪುಟ್ಟ ಕಂಪ್ಯೂಟರ್) ಎಚ್ಚರವಾಗಬೇಕು, ಎರಡಕ್ಕೂ ಬ್ಯಾಟರಿಯೇ ಬೇಕು.

ತೊಂದರೆ ಶುರುವಾದದ್ದು ಬೆಳಗಿನ ಹೊತ್ತು. ಬಟನ್ ಒತ್ತಿದರೆ ಸೀಟಿನ ಕೆಳಗಿನಿಂದ ಟಕಟಕಟಕ ಅಂತ ಸದ್ದು. ಮೀಟರಿನ ಬೆಳಕು ಮಂಕಾಗಿ, ಗಡಿಯಾರ ತನ್ನಷ್ಟಕ್ಕೆ ಮೊದಲಿಗೆ ಹೋಗಿ ನಿಲ್ಲುತ್ತಿತ್ತು. ಇನ್ನು ಕೆಲವು ಸಲ ಕಥೆಯೇ ಬೇರೆ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದೆ, ಹಾರ್ನ್ ಜೋರಾಗಿದೆ, ಬಟನ್ ಒತ್ತಿದರೆ ಮಾತ್ರ ಏನೂ ಇಲ್ಲ. ಒಂದು ಟಕ್ ಕೂಡ ಇಲ್ಲ. ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಿ ಮತ್ತೆ ಒತ್ತಿದರೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್. ನಿಧಾನಕ್ಕೆ ಎಡಕ್ಕೆ ತಿರುಗುವಾಗ ಎಂಜಿನ್ ಥಟ್ಟನೆ ಆಫ್ ಆದದ್ದೂ ಇತ್ತು. ಅದಕ್ಕೆ ‘ಪೆಟ್ರೋಲ್‌ನಲ್ಲಿ ನೀರು ಸೇರಿರಬೇಕು’ ಅನ್ನುವ ವಿವರಣೆ ಸಿಕ್ಕಿತು.

ಗ್ಯಾರೇಜಿಗೆ ಒಯ್ದೆ. ಅಲ್ಲಿಗೆ ಹೋದ ಕೂಡಲೇ ಗಾಡಿ, ನೆಂಟರ ಮುಂದೆ ಜಾಣತನ ತೋರಿಸುವ ತುಂಟ ಹುಡುಗನ ಹಾಗೆ, ಒಂದೇ ಒತ್ತಿಗೆ ಸ್ಟಾರ್ಟ್ ಆಯಿತು. ಮೆಕ್ಯಾನಿಕ್ ನಕ್ಕರು. ಟಕಟಕ ಸದ್ದಿನ ವಿಷಯ ಹೇಳಿದ ಮೇಲೆ, ‘ಬ್ಯಾಟರಿ ಹೋಗಿದೆ ಸರ್, ಚೇಂಜ್ ಮಾಡಿಸಿಬಿಡಿ’ ಅಂದರು. ‘ಒಂದ್ಸಲ ವೋಲ್ಟೇಜ್ ನೋಡೋಣವಾ ಅಣ್ಣ?’ ಅಂತ ಕೇಳಿದೆ. ನೋಡಿದರು. ‘ಹನ್ನೆರಡು ಇದೆ, ವೀಕ್ ಆಗಿದೆ’ ಅಂದರು. 12.0 ವೋಲ್ಟ್ ಅಂದರೆ ಬ್ಯಾಟರಿ ಹೆಚ್ಚು ಕಡಿಮೆ ಖಾಲಿ ಅನ್ನುವುದು ನಿಜ. ಆದರೆ ಖಾಲಿಯಾಗುವುದು ಬೇರೆ, ಕೆಟ್ಟುಹೋಗುವುದು ಬೇರೆ. ಈ ವ್ಯತ್ಯಾಸ ಆ ದಿನ ಯಾರ ಬಾಯಲ್ಲೂ ಬರಲಿಲ್ಲ. ಹೊಸ ಬ್ಯಾಟರಿ ಬಂತು. ಇಡೀ ಪ್ರಕರಣದಲ್ಲಿ ಅತಿ ಜಾಸ್ತಿ ದುಡ್ಡು ಹೋದದ್ದು ಅದಕ್ಕೇ.

ಕೆಲವು ದಿನ ಚೆನ್ನಾಗಿತ್ತು. ಆಮೇಲೆ ಮೊದಲು ಆ ಮೌನ ವಾಪಸ್ ಬಂತು. ಅದರ ಹಿಂದೆಯೇ ಟಕಟಕವೂ ಬಂತು. ಹೊಸ ಬ್ಯಾಟರಿಯೇ ಡೌನ್.

ಈ ಸಲ ಬ್ಯಾಟರಿ ಅಂಗಡಿಗೆ ಹೋದೆ. ವಾರಂಟಿ ಕಾರ್ಡ್ ಕೇಳಿದರು, ಕೊಟ್ಟೆ. ಅದರಲ್ಲಿ ಬ್ಯಾಟರಿ ಹಾಕಿದ ತಾರೀಖೂ ಇಲ್ಲ, ಸೀಲೂ ಇಲ್ಲ. ಗ್ಯಾರೇಜಿನವರು ಖಾಲಿ ಕಾರ್ಡನ್ನೇ ಕೊಟ್ಟು ಕಳಿಸಿದ್ದರು. ಮತ್ತೆ ಅಲ್ಲಿಗೆ ಹೋಗಿ ಬಿಲ್ಲಿನ ತಾರೀಖು ಬರೆಸಿ, ಸೀಲ್ ಹಾಕಿಸಿಕೊಂಡು ಬಂದೆ. ಹೊಸ ಬ್ಯಾಟರಿ ತೆಗೆದುಕೊಳ್ಳುವವರು ಅಲ್ಲೇ ನಿಂತು ಕಾರ್ಡ್ ಭರ್ತಿ ಮಾಡಿಸಿಕೊಳ್ಳಿ, ಬಿಲ್ಲನ್ನು ಅದಕ್ಕೇ ಪಿನ್ ಮಾಡಿಡಿ. ಅಂಗಡಿಯವರು ‘ಚಾರ್ಜಿಗೆ ಇಟ್ಟು ನೋಡ್ತೀವಿ, ನಾಳೆ ಬನ್ನಿ’ ಅಂದರು. ಮಾರನೇ ದಿನ ಲೋಡ್ ಟೆಸ್ಟರ್ (ಭಾರ ಹೇರಿ ಬ್ಯಾಟರಿಯ ಶಕ್ತಿ ನೋಡುವ ಸಾಧನ) ಹಚ್ಚಿ ತೋರಿಸಿದರು. ಬ್ಯಾಟರಿ ಪೂರ್ತಿ ಗಟ್ಟಿ. ‘ನಮ್ಮ ಬ್ಯಾಟರಿ ಸರಿ ಇದೆ, ನಿಮ್ಮ ಗಾಡಿ ಚಾರ್ಜ್ ಮಾಡ್ತಿಲ್ಲ’ ಅಂದರು. ಆ ಹೊತ್ತಿಗೆ ಬೇಜಾರಾಯಿತು ನಿಜ, ಆದರೆ ಅಲ್ಲಿಯವರೆಗೆ ಅಳತೆ ಮಾಡಿ ಬಂದ ಮಾತು ಅದೊಂದೇ.

ನಾನೇ ನೋಡಬೇಕು ಅಂತ ತೀರ್ಮಾನ ಮಾಡಿದ್ದು ಆಗ. ವೋಲ್ಟೇಜ್, ಕರೆಂಟ್, ತಡೆ ಅಳೆಯುವ ಒಂದು ಸಾದಾ ಮಲ್ಟಿಮೀಟರ್ ತಂದೆ. ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ, ಅದರ ವೈರಿಂಗ್ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿದೆ. ಮೊದಲ ನೋಟಕ್ಕೆ ಏನೂ ತಿಳಿಯಲಿಲ್ಲ. ಆಮೇಲೆ ಒಂದೊಂದು ದಾರಿಗೆ ಒಂದೊಂದು ಬಣ್ಣದ ಪೆನ್ಸಿಲ್ ಹಿಡಿದು ಗೀಚುತ್ತಾ ಹೋದೆ: ಬ್ಯಾಟರಿಯಿಂದ ಮೇನ್ ಫ್ಯೂಸ್, ಅಲ್ಲಿಂದ ಕೀ ಸ್ವಿಚ್, ಕಿಲ್ ಸ್ವಿಚ್ (ಹ್ಯಾಂಡಲಿನಲ್ಲಿ ಎಂಜಿನ್ ಆಫ್ ಮಾಡುವ ಸ್ವಿಚ್), ಸೆಲ್ಫ್ ಬಟನ್, ರಿಲೇ (ಬಟನ್ನಿನ ಸಣ್ಣ ಕರೆಂಟಿನಿಂದ ಮೋಟಾರಿಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್). ಹೀಗೆ ಬಿಡಿಸಿದರೆ ಆ ಹೆದರಿಸುವ ಚಿತ್ರ ನಾಲ್ಕೈದು ಸಣ್ಣ ದಾರಿಗಳಾಗುತ್ತದೆ. ನಿಮ್ಮ ಗಾಡಿಯಲ್ಲಿ ಕ್ರಮ ಸ್ವಲ್ಪ ಬೇರೆ ಇರಬಹುದು, ಹಾಗಾಗಿ ನಿಮ್ಮ ಮಾಡೆಲ್ಲಿನ ಚಿತ್ರವನ್ನೇ ಹಿಡಿಯಿರಿ.

ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ ಇಟ್ಟೆ. ಕೈಕೊಟ್ಟಾಗಲೆಲ್ಲ ಏನು ಸದ್ದು ಬಂತು, ಎಂಜಿನ್ ಬಿಸಿಯೋ ತಣ್ಣಗೋ, ಸ್ಟ್ಯಾಂಡ್ ಕೆಳಗಿತ್ತೋ ಮೇಲಿತ್ತೋ, ಹ್ಯಾಂಡಲ್ ಯಾವ ಕಡೆಗಿತ್ತು ಅಂತ ಬರೆದೆ. ನನಗೆ ಕೊನೆಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ನೋಟ್‌ಬುಕ್ಕೇ. ಒಂದೆರಡು ಪುಟ ತುಂಬುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಟಕಟಕ ಬರುತ್ತಿದ್ದದ್ದು ರಾತ್ರಿ ಲೈಟ್ ಹಾಕಿಕೊಂಡು ಓಡಿಸಿದ ಮರುದಿನ, ಇಲ್ಲವೇ ಟ್ರಾಫಿಕ್‌ನಲ್ಲಿ ತೆವಳಿದ ಮೇಲೆ. ಮೌನಕ್ಕೆ ಅದ್ಯಾವುದರ ಸಂಬಂಧವೂ ಇರಲಿಲ್ಲ. ಅದು ಬರುತ್ತಿದ್ದದ್ದು ಹ್ಯಾಂಡಲ್ ಎಡಕ್ಕೆ ವಾಲಿದ್ದಾಗ. ಅಂದರೆ ಎಲ್ಲರೂ ಒಂದೇ ಗಂಟಿಗೆ ಕಟ್ಟಿದ್ದ ಈ ತೊಂದರೆಗಳು ಎರಡು. ಒಂದನ್ನು ಸರಿಮಾಡಿದರೆ ಇನ್ನೊಂದು ಉಳಿಯುತ್ತಿತ್ತು, ‘ರಿಪೇರಿ ಫಲಿಸಲಿಲ್ಲ’ ಅನ್ನಿಸುತ್ತಿತ್ತು.

ಮೊದಲು ಟಕಟಕದ ಕಡೆ ಹೋದೆ. ಆ ಸದ್ದು ಯಾಕೆ ಬರುತ್ತದೆ ಗೊತ್ತಾ? ಬಟನ್ ಒತ್ತಿದಾಗ ರಿಲೇ ಎಳೆದುಕೊಂಡು ಮೋಟಾರಿಗೆ ಕರೆಂಟ್ ಬಿಡುತ್ತದೆ. ಮೋಟಾರ್ ಜೋರಾಗಿ ಎಳೆದ ತಕ್ಷಣ ಸೊರಗಿದ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಅಷ್ಟು ಕಡಿಮೆ ವೋಲ್ಟೇಜಿಗೆ ರಿಲೇ ಹಿಡಿದು ನಿಲ್ಲಲಾರದು, ಬಿಟ್ಟುಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತದೆ, ರಿಲೇ ಮತ್ತೆ ಎಳೆದುಕೊಳ್ಳುತ್ತದೆ. ಇದೇ ಆಟ ಒಂದೇ ಸಮನೆ ನಡೆಯುವುದೇ ಆ ಟಕಟಕ. ಅಂದರೆ ಬಟನ್, ಕಿಲ್ ಸ್ವಿಚ್, ಸ್ಟ್ಯಾಂಡ್ ಸ್ವಿಚ್ ಎಲ್ಲ ತಮ್ಮ ಕೆಲಸ ಮಾಡುತ್ತಿವೆ, ಶಕ್ತಿ ಮಾತ್ರ ಸಾಲುತ್ತಿಲ್ಲ ಅಂತ ಅರ್ಥ. ಬ್ಯಾಟರಿ ಇಳಿದಿರಬಹುದು, ಇಲ್ಲವೇ ಟರ್ಮಿನಲ್ ಅಥವಾ ಅರ್ಥ್ ಬೋಲ್ಟ್ (ಬ್ಯಾಟರಿಯ ಮೈನಸ್ ಕೇಬಲನ್ನು ಗಾಡಿಯ ಬಾಡಿಗೆ ಸೇರಿಸುವುದು) ಲೂಸಾಗಿರಬಹುದು. ಟರ್ಮಿನಲ್ ಬಿಚ್ಚಿ ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡುವ ಕೆಲಸ ಮೊದಲು ಮಾಡಿ, ಅದಕ್ಕೆ ಖರ್ಚೇ ಇಲ್ಲ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುತ್ತಿರುವಾಗ ಸ್ಪ್ಯಾನರ್ ಜಾರಿ ಫ್ರೇಮಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ.

ಬ್ಯಾಟರಿಯನ್ನು ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು ಕೆಲವು ಗಂಟೆ ಸುಮ್ನೆ ಬಿಟ್ಟೆ. ಈ ಕಾಯುವಿಕೆ ಬೇಕು. ಚಾರ್ಜರ್ ತೆಗೆದ ಕೂಡಲೇ ಅಳೆದರೆ ಸುಳ್ಳು ಏರಿಕೆ ಕಾಣುತ್ತದೆ. ಆಮೇಲೆ 12.7 ವೋಲ್ಟ್ ತೋರಿಸಿತು. ಒಳ್ಳೆಯ ಬ್ಯಾಟರಿಗೆ 12.6ರಿಂದ 12.8 ಇರಬೇಕು, ಸರಿಯಾಯ್ತು. ಸೆಲ್ಫ್ ತಿರುಗುವಾಗ 10.6ಕ್ಕೆ ಇಳಿಯಿತು, ಅದೂ ಸರಿ. ಸುಮಾರು 9.6ಕ್ಕಿಂತ ಕೆಳಗೆ ಹೋದರೆ ಮಾತ್ರ ಬ್ಯಾಟರಿಯ ಮೇಲೆ ಅನುಮಾನ ಪಡಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೇ ಮೀಟರ್ ಇಟ್ಟು ಆಕ್ಸಲರೇಟರ್ ಕೊಟ್ಟೆ. ಐದು ಸಾವಿರ ಆರ್‌ಪಿಎಂಗೆ 13.5ರಿಂದ 14.5ರ ಒಳಗೆ ಬರಬೇಕು. ನನ್ನ ಗಾಡಿ 12.5ರಲ್ಲೇ ಕೂತಿತ್ತು. ಬ್ಯಾಟರಿ ಅಂಗಡಿಯವರು ಹೇಳಿದ್ದು ನಿಜ. ಗಾಡಿ ಓಡುತ್ತಾ ಓಡುತ್ತಾ ಬ್ಯಾಟರಿಯನ್ನು ತಿನ್ನುತ್ತಿತ್ತು.

ಮೆಕ್ಯಾನಿಕ್‌ಗೆ ಈ ಅಂಕಿ ತೋರಿಸಿದೆ. ‘ಹಾಗಾದರೆ ಸ್ಟೇಟರ್ ಕಾಯಿಲ್ ಹೋಗಿರುತ್ತೆ, ಇಲ್ಲಾಂದ್ರೆ ರೆಕ್ಟಿಫೈಯರ್. ಎರಡೂ ಹಾಕಿಬಿಡೋಣ’ ಅಂದರು. ಸ್ಟೇಟರ್ ಅಂದರೆ ಎಂಜಿನ್ ತಿರುಗುವಾಗ ಎಸಿ ಕರೆಂಟ್ ಹುಟ್ಟಿಸುವ ಸುರುಳಿ, ರೆಕ್ಟಿಫೈಯರ್ ಅದನ್ನು ಬ್ಯಾಟರಿಗೆ ಹೊಂದುವ ಡಿಸಿ ಮಾಡುತ್ತದೆ. ಎರಡೂ ದುಬಾರಿ. ಸ್ಟೇಟರ್ ತೆಗೆಯಬೇಕಾದರೆ ಎಂಜಿನ್ನಿನ ಪಕ್ಕದ ಕವರ್ ಬಿಚ್ಚಬೇಕು, ಹೊಸ ಗ್ಯಾಸ್ಕೆಟ್ ಬೇಕು, ಲೇಬರ್ ಬೇರೆ. ‘ಇವೆರಡರ ವೈರ್ ಜೋಡಿಸೋ ಕಪ್ಲರ್ ಒಂದ್ಸಲ ನೋಡಿ ಹೇಳ್ತೀನಿ’ ಅಂತ ವಾಪಸ್ ಬಂದೆ.

ಪಕ್ಕದ ಪ್ಯಾನೆಲ್ ಬಿಚ್ಚಿದರೆ ಸ್ಟೇಟರಿನಿಂದ ಮೂರು ಹಳದಿ ವೈರ್‌ಗಳು ಬಂದು ಒಂದು ಬಿಳಿ ಕಪ್ಲರಿಗೆ ಸೇರುತ್ತವೆ, ಅಲ್ಲಿಂದ ರೆಕ್ಟಿಫೈಯರಿಗೆ. ಬಿಳಿ ಅಂದೆ, ಆದರೆ ಅದು ಬಿಳಿಯಾಗಿ ಉಳಿದಿರಲಿಲ್ಲ. ಒಂದು ಮೂಲೆ ಕಂದುಗಟ್ಟಿ, ಪ್ಲಾಸ್ಟಿಕ್ ಕರಗಿ ಪಿನ್ನಿಗೆ ಅಂಟಿಕೊಂಡಿತ್ತು. ಎಳೆದರೆ ಬಿಡಲಿಲ್ಲ. ಬಿಟ್ಟಾಗ ಒಂದು ಪಿನ್ ಕಪ್ಪಗೆ ಸುಟ್ಟಿತ್ತು, ಪಕ್ಕದ್ದೂ ಬಣ್ಣ ಬದಲಿಸಿತ್ತು. ಸುಟ್ಟ ವಾಸನೆ ಕೈಗೂ ಹತ್ತಿತು. ಪಿನ್ ಸ್ವಲ್ಪ ಲೂಸಾದರೆ ಅಲ್ಲಿ ತಡೆ ಹುಟ್ಟುತ್ತದೆ, ತಡೆಯಿಂದ ಬಿಸಿ, ಬಿಸಿಯಿಂದ ಪಿನ್ ಇನ್ನಷ್ಟು ಸಡಿಲ. ಹೀಗೇ ತಿಂಗಳುಗಟ್ಟಲೆ ಬೆಂದಿರಬೇಕು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಬಿಚ್ಚಿಯೇ ನೋಡಬೇಕು.

ಕಪ್ಲರ್ ಸುಟ್ಟಿದೆ ಅಂದ ಮಾತ್ರಕ್ಕೆ ಸ್ಟೇಟರ್ ಸರಿ ಇದೆ ಅಂತಲ್ಲ. ಅದನ್ನೂ ನೋಡಿದೆ. ಎಂಜಿನ್ ಆಫ್ ಇದ್ದಾಗ ಹಳದಿ ವೈರ್‌ಗಳನ್ನು ಎರಡೆರಡಾಗಿ ಓಮ್ಸ್‌ನಲ್ಲಿ ಅಳೆದರೆ ಮೂರು ಜೋಡಿಯೂ ಒಂದೇ ತರಹ ಬರಬೇಕು. ಸಾಮಾನ್ಯವಾಗಿ ಒಂದು ಓಮ್‌ಗಿಂತ ಕಡಿಮೆ. ಯಾವ ಹಳದಿ ವೈರಿಗೂ ಎಂಜಿನ್ ಬಾಡಿಗೂ ಸಂಪರ್ಕ ಇರಬಾರದು. ಆಮೇಲೆ ಕಪ್ಲರ್ ಬಿಚ್ಚಿಟ್ಟೇ ಎಂಜಿನ್ ಸ್ಟಾರ್ಟ್ ಮಾಡಿ ಎಸಿ ವೋಲ್ಟೇಜ್ ನೋಡಿದೆ. ಮೂರು ಜೋಡಿಯಲ್ಲೂ ಹೆಚ್ಚು ಕಡಿಮೆ ಒಂದೇ, ರೇಸ್ ಮಾಡಿದ ಹಾಗೆ ಏರುತ್ತಾ ಐವತ್ತು ದಾಟಿತು. ಸ್ಟೇಟರ್ ಗಟ್ಟಿ. ಈ ಟೆಸ್ಟ್ ಮಾಡುವಾಗ ಪಿನ್ನಿಗೆ ಕೈ ತಾಗಿಸಬೇಡಿ, ಶಾಕ್ ಹೊಡೆಯುತ್ತದೆ. ರೆಕ್ಟಿಫೈಯರನ್ನು ಮೀಟರಿನ ಡಯೋಡ್ ಗುರುತಿಗೆ ಇಟ್ಟು ನೋಡಿದೆ. ಒಂದು ದಿಕ್ಕಿನಲ್ಲಿ ಅರ್ಧ ವೋಲ್ಟಿನ ಆಸುಪಾಸು, ತಿರುಗಿಸಿ ಹಿಡಿದರೆ ಏನೂ ಇಲ್ಲ. ಅದೂ ಸರಿ.

ಕೆಟ್ಟದ್ದು ಕಪ್ಲರ್ ಒಂದೇ. ತಮಾಷೆ ಅಂದರೆ ಸ್ಟೇಟರ್, ರೆಕ್ಟಿಫೈಯರ್ ಎರಡೂ ಅಂಗಡಿಯಲ್ಲಿ ರೆಡಿ ಇದ್ದವು, ಬರೀ ಕಪ್ಲರ್ ಸ್ಟಾಕ್ ಇರಲಿಲ್ಲ. ಆರ್ಡರ್ ಕೊಟ್ಟು ಕಾಯಬೇಕಾಯಿತು. ವೈರ್‌ಗಳನ್ನು ಹೆಣೆದು ಟೇಪ್ ಸುತ್ತಿಬಿಡಿ ಅಂತ ಸಲಹೆ ಕೊಟ್ಟವರಿದ್ದರು. ಅದನ್ನು ಮಾಡಬೇಡಿ. ಹತ್ತಿಪ್ಪತ್ತು ಆಂಪಿಯರ್ ಹರಿಯುವ ಜಾಗ ಅದು, ಹೆಣಿಗೆ ಮತ್ತೆ ಬಿಸಿಯಾಗುತ್ತದೆ. ಅಷ್ಟು ಕರೆಂಟ್ ತಡೆಯುವ ಕಪ್ಲರ್ ತಂದು, ಸುಟ್ಟ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ, ಪಿನ್‌ಗಳನ್ನು ಸರಿಯಾದ ಕ್ರಿಂಪಿಂಗ್ ಪ್ಲೈಯರ್‌ನಲ್ಲೇ ಒತ್ತಿಸಿದೆ. ಮತ್ತೆ ಅಳೆದಾಗ ಐದು ಸಾವಿರಕ್ಕೆ 14.2. ಟಕಟಕ ಅಲ್ಲಿಗೆ ಮುಗಿಯಿತು, ಮತ್ತೆ ಬರಲಿಲ್ಲ.

ಆದರೆ ಮೌನ ಬಂತು. ಎರಡನೆಯದು ಬೇರೆ ಅಂತ ಗೊತ್ತಿದ್ದರೂ, ಗೇಟಿನ ಹೊರಗೆ ಬಟನ್ ಒತ್ತಿ ಏನೂ ಆಗದೆ ನಿಂತಾಗ ಸಿಟ್ಟು ಬರದೇ ಇರುತ್ತಾ?

ರಿಲೇ ಒಂದು ಟಕ್ ಕೂಡ ಅನ್ನದಿದ್ದರೆ ಬಟನ್ನಿನ ಸಣ್ಣ ಕರೆಂಟ್ ರಿಲೇವರೆಗೆ ಮುಟ್ಟುತ್ತಿಲ್ಲ ಅಂತ. ಮೊದಲು ಸುಲಭದವನ್ನು ನೋಡಿ: ಕಿಲ್ ಸ್ವಿಚ್ ಆನ್ ಇದೆಯಾ, ನ್ಯೂಟ್ರಲ್ ಲೈಟ್ ಹತ್ತುತ್ತಿದೆಯಾ, ಕ್ಲಚ್ ಪೂರ್ತಿ ಹಿಡಿದರೆ ಆಗುತ್ತಾ, ಸೈಡ್ ಸ್ಟ್ಯಾಂಡ್ ಎತ್ತಿದರೆ ಆಗುತ್ತಾ. ಸೈಡ್ ಸ್ಟ್ಯಾಂಡ್ ಸ್ವಿಚ್ ಕೆಸರು ತುಂಬಿ ಕೆಡುವುದು ಬಹಳ ಸಾಮಾನ್ಯ. ಫ್ಯೂಸನ್ನು ಕಣ್ಣಲ್ಲಿ ನೋಡಿ ಸರಿ ಅನ್ನಬೇಡಿ, ಎರಡೂ ತುದಿಯಲ್ಲಿ ಮೀಟರ್ ಇಟ್ಟು ನೋಡಿ. ಕೂದಲೆಳೆಯ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಸುಟ್ಟಿದ್ದರೆ ಅದೇ ಆಂಪಿಯರಿನದ್ದನ್ನೇ ಹಾಕಿ. ಜಾಸ್ತಿ ಆಂಪಿಯರಿನದ್ದೋ ತಂತಿ ತುಂಡೋ ಸಿಕ್ಕಿಸಿದರೆ ಮುಂದಿನ ಸಲ ಸುಡುವುದು ಇಡೀ ಹಾರ್ನೆಸ್, ಅಂದರೆ ಗಾಡಿಯ ವೈರ್‌ಗಳ ಕಂತೆ.

ನನ್ನಲ್ಲಿ ಇವೆಲ್ಲ ಸರಿ ಇದ್ದವು. ಸುಳಿವು ಸಿಕ್ಕಿದ್ದು ಕಿವಿಗೆ. ಕೀ ಆನ್ ಮಾಡಿದಾಗ ಟ್ಯಾಂಕಿನೊಳಗೆ ಪೆಟ್ರೋಲ್ ಪಂಪ್ ಎರಡು ಮೂರು ಸೆಕೆಂಡ್ ಝುಂಯ್ ಅನ್ನುತ್ತದಲ್ಲ, ಗಾಡಿ ಮೌನವಾದಾಗ ಆ ಸದ್ದೂ ಇರಲಿಲ್ಲ. ಪ್ರಿಂಟ್ ತೆಗೆದ ಚಿತ್ರ ನೋಡಿದೆ. ನನ್ನ ಗಾಡಿಯಲ್ಲಿ ಪಂಪಿಗೂ ಸೆಲ್ಫ್ ಬಟನ್ನಿಗೂ ಕರೆಂಟ್ ಹೋಗುವುದು ಕಿಲ್ ಸ್ವಿಚ್ ದಾಟಿಯೇ. ಹೆಡ್‌ಲೈಟ್, ಹಾರ್ನ್ ದಾರಿ ಬೇರೆ. ಪಂಪ್, ಬಟನ್ ಎರಡೂ ಒಟ್ಟಿಗೆ ಸಾಯುತ್ತಿವೆ ಅಂದರೆ ತೊಂದರೆ ಕವಲೊಡೆಯುವ ಮುಂಚೆಯೇ ಇದೆ. ಎಡಕ್ಕೆ ತಿರುಗುವಾಗ ಎಂಜಿನ್ ಆಫ್ ಆಗುತ್ತಿದ್ದದ್ದಕ್ಕೂ ಇದೇ ದಾರಿ ಕಡಿಯುವುದೇ ಕಾರಣ ಅಂತ ಆಗಲೇ ಹೊಳೆಯಿತು. ಪೆಟ್ರೋಲಿನ ನೀರಿನ ಕಥೆ ಅಲ್ಲಿಗೆ ಬಿತ್ತು.

ಮಲ್ಟಿಮೀಟರ್ ಹಿಡಿದು ಕಿಲ್ ಸ್ವಿಚ್ಚಿಗೆ ಬರುವ ವೈರ್ ಮುಟ್ಟಿದೆ. ಹ್ಯಾಂಡಲ್ ಎಡಕ್ಕಿದೆ, ಗಾಡಿ ಸತ್ತಿದೆ, ಮೀಟರ್ ಮಾತ್ರ 12.4 ತೋರಿಸುತ್ತಿದೆ! ತುಂಬಾ ಹೊತ್ತು ಕಾಡಿದ್ದು ಇದು. ಮೀಟರ್ ತಾನು ಕರೆಂಟನ್ನು ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ ಎಳೆಯುತ್ತದೆ. ವೈರಿನ ಎಲ್ಲ ಎಳೆ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಪಂಪ್, ಇಸಿಯು ಎಳೆಯಲು ಹೋದಾಗ ಆ ಒಂದೆಳೆ ತಾಳುವುದಿಲ್ಲ. ಹಾಗಾಗಿ ಹಳೇ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದು ಟೆಸ್ಟ್ ಲ್ಯಾಂಪ್ ಮಾಡಿಕೊಂಡೆ. ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಅದೇ ವೈರಿಗೆ. ಹ್ಯಾಂಡಲ್ ಬಲಕ್ಕೆ ತಿರುಗಿಸಿದರೆ ಬಲ್ಬ್ ಪ್ರಕಾಶವಾಗಿ ಉರಿಯಿತು. ಎಡಕ್ಕೆ ತಂದಂತೆ ಕೆಂಪಗಾಗಿ ಆರಿತು. ಎಷ್ಟು ಖುಷಿಯಾಯಿತು ಅಂದರೆ, ಸುಮ್ನೆ ಆ ಕಡೆ ಈ ಕಡೆ ತಿರುಗಿಸುತ್ತಾ ಕೂತಿದ್ದೆ.

ಹೆಡ್‌ಲೈಟ್ ಬಿಚ್ಚಿ ಹ್ಯಾಂಡಲ್ ಕತ್ತಿನ ಹತ್ತಿರ ಹಾರ್ನೆಸ್ ಟೇಪ್ ಸೀಳಿದೆ. ವೈರ್‌ಗಳು ಬಾಗುವ ಜಾಗದಲ್ಲೇ ಒಂದು ಕೇಬಲ್ ಟೈ ಬಿಗಿಯಾಗಿ ಕೂತಿತ್ತು. ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಮಡಚಿ ನೋಡಿದೆ. ಬೇರೆಯವು ಸ್ಪ್ರಿಂಗಿನಂತೆ ವಾಪಸ್ ನೆಟ್ಟಗಾದವು, ಒಂದು ಮಾತ್ರ ಬಟ್ಟೆಯ ದಾರದಂತೆ ಜೋತುಬಿತ್ತು. ಮೇಲಿನ ಪ್ಲಾಸ್ಟಿಕ್ಕಿಗೆ ಒಂದು ಗೀರೂ ಇಲ್ಲ. ಸೀಳಿದರೆ ಒಳಗೆ ಎಳೆಗಳು ತುಂಡಾಗಿ, ತುದಿಗಳಲ್ಲಿ ಹಸಿರು ಕಿಲುಬು. ಉಳಿದದ್ದು ಒಂದೋ ಎರಡೋ ಎಳೆ.

ಕಿಲುಬು ಹಿಡಿದ ಭಾಗ ಪೂರ್ತಿ ಕತ್ತರಿಸಿ, ಅದೇ ದಪ್ಪದ ಹೊಸ ವೈರ್ ತುಂಡು ಸೇರಿಸಿದೆ. ಬೆಸುಗೆಯನ್ನು ಬಾಗುವ ಜಾಗದಿಂದ ದೂರ ಇಡಬೇಕು, ಇಲ್ಲವಾದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ಮೇಲೆ ಹೀಟ್ ಶ್ರಿಂಕ್ ಟ್ಯೂಬ್, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುವಷ್ಟು ಸಡಿಲ, ಟೈ ಈ ಸಲ ಬೇರೆ ಜಾಗಕ್ಕೆ.

ನನಗೆ ಎದುರಾಗದ, ಆದರೆ ನಿಮಗೆ ಆಗಬಹುದಾದ ಒಂದೆರಡು ವಿಷಯ ಹೇಳಿಬಿಡುತ್ತೇನೆ. ಒಂದೇ ಒಂದು ಗಟ್ಟಿ ಟಕ್ ಬಂದು ಮೋಟಾರ್ ತಿರುಗದಿದ್ದರೆ ರಿಲೇ ಒಳಗಿನ ಕಾಂಟ್ಯಾಕ್ಟ್, ಮೋಟಾರಿನ ಕಾರ್ಬನ್ ಬ್ರಷ್ ಅಥವಾ ದಪ್ಪ ಕೇಬಲ್‌ಗಳ ಕಡೆ ನೋಡಿ. ಬ್ಯಾಟರಿ ಮೈನಸ್‌ಗೂ ಎಂಜಿನ್ ಬಾಡಿಗೂ ಮೀಟರ್ ಇಟ್ಟು ಬಟನ್ ಒತ್ತಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಕೇಬಲ್ ಸರಿ ಇಲ್ಲ. ಸೆಲ್ಫ್ ಚೆನ್ನಾಗಿ ತಿರುಗಿ ಎಂಜಿನ್ ಹಿಡಿಯದಿದ್ದರೆ ಪಂಪ್ ಸದ್ದು ಕೇಳಿ, ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ ಬಾಡಿಗೆ ತಾಗಿಸಿಟ್ಟು ಕಿಡಿ ನೋಡಿ. ಆದರೆ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತದೆ, ಅದರಿಂದ ದೂರ ಹಿಡಿಯಿರಿ. ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ಕೀ ಆಫ್ ಮಾಡಿ, ಮೈನಸ್ ಬಿಚ್ಚಿ, ಮೀಟರನ್ನು ಆಂಪಿಯರಿಗೆ ಇಟ್ಟು ನಡುವೆ ಸೇರಿಸಿ ನೋಡಿ. ಒಂದೆರಡು ಮಿಲಿ ಆಂಪಿಯರ್ ಸಹಜ, ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಏನೋ ಕುಡಿಯುತ್ತಿದೆ. ಹೀಗೆ ಸೇರಿಸಿಟ್ಟಾಗ ಅಪ್ಪಿತಪ್ಪಿಯೂ ಸೆಲ್ಫ್ ಒತ್ತಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ಕಾರಿನ ಬ್ಯಾಟರಿಯಿಂದ ಜಂಪ್ ಕೊಡುವುದಾದರೆ ಕಾರಿನ ಎಂಜಿನ್ ಆಫ್ ಇರಲಿ.

ಖರ್ಚಿನ ಲೆಕ್ಕ ಹಾಕಿದರೆ ಗಾಡಿಯನ್ನು ನಿಜವಾಗಿ ಸರಿಮಾಡಿದ್ದು ಒಂದು ಕಪ್ಲರ್, ಗೇಣುದ್ದ ವೈರ್, ಸ್ವಲ್ಪ ಟ್ಯೂಬ್. ಮಲ್ಟಿಮೀಟರ್ ಸೇರಿಸಿದರೂ ಅದು ಬ್ಯಾಟರಿಗೆ ಕೊಟ್ಟದ್ದರಲ್ಲಿ ಒಂದು ಸಣ್ಣ ಪಾಲು. ಹಳೇ ಬ್ಯಾಟರಿಯನ್ನು ಎಕ್ಸ್‌ಚೇಂಜ್‌ನಲ್ಲಿ ಕೊಟ್ಟಾಗಿತ್ತು, ಅದನ್ನು ಯಾರೂ ಚಾರ್ಜ್ ಮಾಡಿ ನೋಡಲೇ ಇಲ್ಲ. ಅದೂ ಗಟ್ಟಿಯಾಗೇ ಇದ್ದಿರಬಹುದು ಅನ್ನುವ ಅನುಮಾನ ನನಗೆ ಈಗಲೂ ಇದೆ. ಹಾಗಾಗಿ ನಿಮ್ಮ ಹಳೇ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಕಣ್ಣೆದುರಿಗೇ ಲೋಡ್ ಟೆಸ್ಟ್ ಮಾಡಿಸುವ ತನಕ ಕೈಬಿಡಬೇಡಿ.